ಮೂರು ಕಂಬದ ಕಪ್

ಕಪ್ಪನ್ನು ತಲೆಯ ಮೇಲೆ ಎತ್ತಿದ ಗಳಿಗೆಯಲ್ಲೇ ಜಾಹೀದನ ತೋಳುಗಳಿಗೆ ಗೊತ್ತಾಯಿತು, ಇದು ನಮ್ಮದಲ್ಲ.

ಹೋದ ಎರಡು ವರ್ಷವೂ ಇದೇ ಸಿಂಧನೂರಿನ ಮೈದಾನದಲ್ಲಿ, ಇದೇ ಶಾಮಿಯಾನದ ಕೆಳಗೆ ಅವನು ಅದನ್ನು ಎತ್ತಿದ್ದ. ಎತ್ತುವಾಗ ಸೊಂಟ ಹಿಡಿಯುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ಇವತ್ತು ಖಾಲಿ ಕೊಡದ ಹಾಗೆ ಮೇಲೆ ಬಂತು. ಕೆಳಗೆ ಮಸ್ಕಿಯ ಹುಡುಗರು ಅಂಗಿ ಬಿಚ್ಚಿ ಬೀಸುತ್ತಿದ್ದರು, ಒಬ್ಬ ಶಾಮಿಯಾನದ ಕಂಬ ಹತ್ತಿದ್ದ. ಮೂರು ತಾಲೂಕಿನ ಟೂರ್ನಮೆಂಟನ್ನು ಮಸ್ಕಿ ಸತತ ಮೂರನೇ ಸಲ ಗೆದ್ದಿತ್ತು. ಕೊನೆಯ ಓವರು ಜಾಹೀದನದೇ. ಲಿಂಗಸೂಗೂರಿನವರಿಗೆ ಬೇಕಾಗಿದ್ದದ್ದು ಆರೇ ರನ್. ಅವನು ಎರಡು ಕೊಟ್ಟು ಇಬ್ಬರ ಸ್ಟಂಪು ಕಿತ್ತಿದ್ದ. ಭುಜ ಇನ್ನೂ ಕೆಂಡದ ಹಾಗೆ ಉರಿಯುತ್ತಿತ್ತು.

ಸತತ ಮೂರು ಸಲ ಗೆದ್ದವರು ಕಪ್ಪನ್ನು ಊರಿಗೆ ಒಯ್ಯಬಹುದು. ಅಲ್ಲಿಯತನಕ ಅದು ಸಿಂಧನೂರಿನಲ್ಲೇ ಇರಬೇಕು, ಗೆದ್ದವರು ವರ್ಷಕ್ಕೊಮ್ಮೆ ಎತ್ತಿ ಫೋಟೋ ತೆಗೆಸಿಕೊಂಡು ಇಳಿಸಿ ಹೋಗಬೇಕು. ಮೊದಲ ವರ್ಷ ಮೈಕಿನಲ್ಲೇ ಸಾರಿದ ಕಾಯಿದೆ ಇದು. ಆ ಕಾಯಿದೆ ನಂಬಿ ಜಾಹೀದ ಮೂರು ಬೇಸಿಗೆ ಕಾಲುವೆಯ ಏರಿಯ ಮೇಲೆ ಓಡಿದ್ದ, ವಾಂತಿ ಮಾಡಿಕೊಂಡು ಮತ್ತೆ ಓಡಿದ್ದ. ಕಪ್ಪು ಅಣ್ಣನ ಮಳಿಗೆಗೆ ಬರಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ, ಬೇರೆ ಏನೂ ಅಲ್ಲ.

ಕಪ್ಪನ್ನು ಎದೆಮಟ್ಟಕ್ಕೆ ಇಳಿಸಿ ತಿರುಗಿಸಿದ. ಮೇಲಿನ ಬಂಗಾರದ ಬಣ್ಣದ ಚೆಂಡಿನ ಸುತ್ತ ಹೊಲಿಗೆಯ ಗೆರೆ ಹಿಂದೆಯೂ ಮುಂದೆಯೂ ನೀಟಾಗಿ ಪೂರ್ತಿ ಬಂದಿತ್ತು.

ಅವರ ಕಪ್ಪಿನ ಹೊಲಿಗೆ ಪೂರ್ತಿ ಇರಲಿಲ್ಲ.

ಅದಕ್ಕೆ ಕಾರಣ ಇತ್ತು. ಮೊದಲ ಟೂರ್ನಮೆಂಟಿಗೆ ಮುಂಚೆ, ಅದನ್ನು ನಡೆಸುವ ಸಿಂಧನೂರಿನ ರೈಸ್ ಮಿಲ್ಲಿನ ದೊಡ್ಡಬಸಪ್ಪ ಸಾಹುಕಾರರ ಮಗ ಸಿದ್ದಲಿಂಗೇಶ ಕಾರು ತಗೊಂಡು ಮಸ್ಕಿಗೆ ಬಂದಿದ್ದ. ಲಿಂಗಸೂಗೂರು ರಸ್ತೆಯ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು ಒಂದು ಪೋಸ್ಟರ್ ಬಿಚ್ಚಿ, "ಇಂಥಾದ ಬೇಕು. ಸೇಮ್ ಟು ಸೇಮ್" ಅಂದಿದ್ದ. ಪೋಸ್ಟರಿನಲ್ಲಿದ್ದದ್ದು ವರ್ಲ್ಡ್ ಕಪ್. ಅಂಗಡಿ ಜಾಹೀದನ ಅಣ್ಣ ರಫೀಕನದು. ಮೂರು ತಾಲೂಕಿನಲ್ಲಿ ರಫೀಕನಷ್ಟು ಜೋರಾಗಿ ಚೆಂಡು ಹಾಕುವವನು ಇರಲಿಲ್ಲ. ಅವನ ಎದುರು ನಿಲ್ಲುವ ಮುಂಚೆ ಲಿಂಗಸೂಗೂರಿನ ಓಪನರುಗಳು ಟೆನಿಸ್ ಬಾಲ್ ಆಟಕ್ಕೂ ಹೆಲ್ಮೆಟ್ ಹುಡುಕುತ್ತಿದ್ದರು. ಅದರ ಜೊತೆಗೆ ಅವನಿಗೆ ಕಪ್ಪಿನ ಹುಚ್ಚು. ಪೋಸ್ಟರ್ ನೋಡಿದವನೇ ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಶುರು ಮಾಡಿದ್ದ.

"ಸಿದ್ದಣ್ಣ, ಇದಕ್ಕ ಮುಂಚೆ ವರ್ಲ್ಡ್ ಕಪ್ಪಿಗೆ ತನ್ನದು ಅಂತ ಒಂದು ಮುಖಾನ ಇರಲಿಲ್ಲ. ಯಾವ ಕಂಪನಿ ಟೂರ್ನಮೆಂಟ್ ಹಿಡಿತದ, ಆ ಕಂಪನಿ ಹೆಸರಿನ ಕಪ್. ಮೊದಲ ಮೂರು ಸಲ ಇನ್ಶೂರೆನ್ಸಿನವರದು. ಎಂಬತ್ಮೂರರಾಗ ನಮ್ಮವರು ಲಾರ್ಡ್ಸಿನ್ಯಾಗ ಎತ್ತಿದ್ದು ಅದಾ. ಆಮ್ಯಾಲ ನಮ್ಮ ದೇಶದ ಕಂಪನೀದು. ಅದಾದ ಮ್ಯಾಲ ಎರಡು ಸಲ ಸಿಗರೇಟಿನವರದು. ಕಂಪನಿ ಬದಲಿ ಆತು, ಕಪ್ಪೂ ಬದಲಿ. ತೊಂಬತ್ತೊಂಬತ್ತರಾಗ ಲಂಡನ್ನಿನ ಅಕ್ಕಸಾಲಿಗರು, ರಾಣಿ ಕಿರೀಟದ ಕೆಲಸ ಮಾಡಾವರು, ಎರಡಾ ತಿಂಗಳದಾಗ ಇದನ್ನ ಮಾಡಿದರು ನೋಡು. ಅವತ್ತಿಂದ ಇದಾ ಕಪ್, ಯಾರ ಹೆಸರೂ ಇಲ್ಲ. ಗೆದ್ದವರ ಹೆಸರಷ್ಟಾ ಬುಡದಾಗ."

"ಈ ಕಂಬ ಯಾಕ ಮೂರು?"

"ಸ್ಟಂಪು. ಮ್ಯಾಲ ಬೇಲ್ಸ್. ಬ್ಯಾಟಿಂಗು, ಬೌಲಿಂಗು, ಫೀಲ್ಡಿಂಗು. ಅವು ಎತ್ತಿ ಹಿಡಿದಿದ್ದು ಚೆಂಡೂ ಹೌದು, ಭೂಮಿನೂ ಹೌದು. ಭೂಮಿ ಓರೆ ಐತಲ್ಲ, ಅದಕ್ಕ ಹೊಲಿಗಿನೂ ಓರೆ ಇಟ್ಟಾರ. ನಮಗ ಬ್ಯಾಟಿಂಗು ಬೌಲಿಂಗು ಬ್ಯಾಡ. ಒಂದು ಕಂಬ ಸಿಂಧನೂರು, ಒಂದು ಲಿಂಗಸೂಗೂರು, ಒಂದು ಮಸ್ಕಿ."

ಸಿದ್ದಲಿಂಗೇಶನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅಲ್ಲೇ ಚಹಾ ತರಿಸಿದ್ದ.

ಭತ್ತ ಕೊಯ್ಯುವ ಯಂತ್ರದ ರಾಡುಗಳನ್ನು ಕಾಸಿ ಬಗ್ಗಿಸಿ ಅಣ್ಣ ತಮ್ಮ ಕಂಬ ಮಾಡಿದರು. ಎರಡು ಹಿತ್ತಾಳೆ ಬಟ್ಟಲನ್ನು ಬಾಯಿಗೆ ಬಾಯಿ ಕೂಡಿಸಿ ಬೆಸೆದು ಚೆಂಡು ಮಾಡಿದರು. ಬುಡಕ್ಕೆ ಟ್ರ್ಯಾಕ್ಟರಿನ ಚಕ್ರದ ಗುಂಬ, ಅದರ ನಡುವಿನ ಕಬ್ಬಿಣದ ಗಡ್ಡೆ. ನಿಜವಾದ ಕಪ್ಪಿಗಿಂತ ಇದೇ ಭಾರ ಎಂದು ರಫೀಕ ನಗುತ್ತಿದ್ದ. ಹೊಲಿಗೆ ಕೊರೆಯುವುದೊಂದು ಬಾಕಿ ಇತ್ತು. ಮುಂದಿನ ಅರ್ಧ ಕೊರೆದಾಗಿತ್ತು. ಸಣ್ಣ ಗ್ರೈಂಡರಿಗೆ ಲೋಹ ಕೊರೆಯುವ ದೊಡ್ಡ ಡಿಸ್ಕು ಹಿಡಿಯುವುದಿಲ್ಲ. ಹಿಡಿಯಬೇಕೆಂದರೆ ಕೈ ಕಾಯುವ ಮೇಲಿನ ತಗಡಿನ ಮರೆ ಬಿಚ್ಚಬೇಕು. ಮಸ್ಕಿಯಲ್ಲಿ ಎಲ್ಲ ಅಂಗಡಿಯವರೂ ಬಿಚ್ಚುತ್ತಾರೆ, ಅದನ್ನೇ ಜಾಣತನ ಅನ್ನುತ್ತಾರೆ. ರಫೀಕನೂ ಬಿಚ್ಚಿದ್ದ. ಚೆಂಡಿನ ಹಿಂಬದಿಗೆ ತಿರುಗಿದಾಗ ಡಿಸ್ಕು ಸಿಡಿಯಿತು. ಒಂದು ಚೂರು ಹಿತ್ತಾಳೆಯನ್ನು ಬೆರಳುದ್ದ ಸೀಳಿತು. ಇನ್ನೊಂದು ಚೂರು ರಫೀಕನ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಬುಡಸಮೇತ ಒಯ್ದಿತು. ಜಾಹೀದ ಅವನ್ನು ಕಬ್ಬಿಣದ ಪುಡಿಯಿಂದ ಆರಿಸಿ ಕರ್ಚೀಪಿನಲ್ಲಿ ಕಟ್ಟಿಕೊಂಡು ಓಡಿದ್ದ. ರಾಯಚೂರಿನಲ್ಲಿ ಡಾಕ್ಟರು ಕರ್ಚೀಪು ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ್ದರು.

ಚೆಂಡು ಹಿಡಿಯುವುದು ಆ ಎರಡೇ ಬೆರಳಿನಲ್ಲಿ.

ಹೊಲಿಗೆಯನ್ನು ಜಾಹೀದ ಮುಂದೆ ಕೊರೆಯಲಿಲ್ಲ. ಹಿಂದಿನ ಅರ್ಧ ಆ ಸೀಳಿನಲ್ಲೇ ನಿಂತಿತು. ಕಪ್ಪು ಹಾಗೇ ಸಿಂಧನೂರಿಗೆ ಹೋಯಿತು. ಅಂಗಡಿ ತಮ್ಮನಿಗೆ ಬಂತು, ಬೌಲಿಂಗೂ ತಮ್ಮನಿಗೆ ಬಂತು. ರಫೀಕ ಪಕ್ಕದ ಮಳಿಗೆಯಲ್ಲಿ ಮೊಬೈಲ್ ಕವರು, ಚಾರ್ಜರು ಮಾರುತ್ತಾ ಕೂತ.

ಈಗ ವೇದಿಕೆಯ ಮೇಲೆ ನಿಂತು ಜಾಹೀದ ಆ ಪೂರ್ತಿ ಹೊಲಿಗೆಯನ್ನು ಇನ್ನೊಮ್ಮೆ ನೋಡಿದ. ಅವನು ಮೈಕಿನ ಕಡೆ ನಡೆದ. ಕ್ಯಾಪ್ಟನ್ ಗುರುಬಸವ "ಏನಾತಲೇ?" ಅಂದದ್ದು ಕಿವಿಗೆ ಬೀಳಲಿಲ್ಲ.

"ಸಿದ್ದಣ್ಣ, ನಮ್ಮ ಕಪ್ ಎಲ್ಲೈತಿ?"

ಮಾತು ಸ್ಪೀಕರಿನಲ್ಲಿ ಮೈದಾನದ ತುಂಬ ಹೋಯಿತು. ಸಿದ್ದಲಿಂಗೇಶ ಬಿಳಿ ಅಂಗಿಯ ತೋಳು ಮಡಚುತ್ತಾ ನಕ್ಕ. "ನೋಡ್ರಲೇ, ಕೈಯಾಗ ಹಿಡಕೊಂಡು ಎಲ್ಲೈತಿ ಅಂತಾನ!"

ಜನ ನಕ್ಕರು. ಗೆದ್ದ ಮಸ್ಕಿಯವರೂ ನಕ್ಕರು.

"ಇದು ಅಂಗಡ್ಯಾಗಿಂದು. ನಾ ಕೇಳಾಕತ್ತಿದ್ದು ನಾವು ಮಾಡಿದ್ದು."

"ಒರಿಜಿನಲ್ ನಮ್ಮ ಕಡೇನ, ಮಿಲ್ಲಿನ ಆಫೀಸಿನ್ಯಾಗ ಇರ್ತೈತೋ ತಮ್ಮ. ವರ್ಲ್ಡ್ ಕಪ್ಪಿಗೂ ಹಂಗಾ ಅಲ್ಲೇನು? ಒರಿಜಿನಲ್ ದುಬೈದಾಗ, ಆಫೀಸಿನ್ಯಾಗ. ಗೆದ್ದ ದೇಶಕ್ಕ ಕೊಡೂದು ನಕಲು. ಆಸ್ಟ್ರೇಲಿಯಾದವರು ಅತ್ತಾರೇನು? ನೀವೇನು ಅವರಿಗಿಂತ ದೊಡ್ಡವರಾ?"

ಈ ಸಲ ನಗು ಇನ್ನೂ ಜೋರಾಯಿತು. ದುಬೈಯ ಸಂಗತಿಯನ್ನು ಸಿದ್ದಲಿಂಗೇಶನಿಗೆ ಕಲಿಸಿದವನೂ ರಫೀಕನೇ, ಅವತ್ತು ಅದೇ ಚಹಾ ಕುಡಿಯುತ್ತಾ. ಅದು ನೆನಪಾಗಿ ಜಾಹೀದನ ಕಣ್ಣು ಮಂಜಾದವು.

"ಮೂರು ಸಲ ಗೆದ್ರ ಒಯ್ಯಿರಿ ಅಂತ ಇದಾ ಮೈಕಿನ್ಯಾಗ ಅಂದಾವ ಯಾರು?"

"ಒಯ್ದುಬಿಟ್ರ ಮುಂದಿನ ವರ್ಷ ಏನಿಟ್ಟು ಆಡಸಲಿ? ಟೂರ್ನಮೆಂಟ್ ಸತ್ತು ಹೋಗತೈತಿ. ಬುದ್ಧಿ ಇಟ್ಟು ಮಾತಾಡು. ಇಳಿ ಕೆಳಗ."

ಜಾಹೀದ ಇಳಿಯಲಿಲ್ಲ. ಆ ಹಗುರ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ವೇದಿಕೆಯ ಅಂಚಿನ ಕಬ್ಬಿಣಕ್ಕೆ ಅಪ್ಪಳಿಸಿದ. ಕಂಬಗಳು ಕಡ್ಡಿಯ ಹಾಗೆ ಮುರಿದವು. ಒಳಗೆ ಟೊಳ್ಳು. ಚೆಂಡು ಪುಟಿದು ಮುಂದಿನ ಸಾಲಿನ ಕುರ್ಚಿಗಳ ನಡುವೆ ಉರುಳಿತು. ಆಮೇಲೆ ಎಲ್ಲರೂ ಒಟ್ಟಿಗೆ ಮೇಲೆ ಬಂದರು.

ಸ್ಟಂಪು ಹಿಡಿದ ಒಬ್ಬ ಜಾಹೀದನ ಬಾಯಿಗೆ ಹೊಡೆದ. ಮುಂದಿನ ಹಲ್ಲು ಅಲ್ಲಾಡಿ ನಾಲಿಗೆಯ ಮೇಲೆ ಉಪ್ಪು ತುಂಬಿತು. ಅವನು ಆ ಸ್ಟಂಪನ್ನೇ ಕಿತ್ತು ಹೊಡೆದವನ ಮೊಣಕಾಲಿಗೆ ಬೀಸಿದ. ಎಲುಬಿನ ಸದ್ದು ಕೇಳಿಸಿತು, ಹಿತ ಅನ್ನಿಸಿತು. ಕುರ್ಚಿಗಳು ಹಾರಿದವು. ಶಾಮಿಯಾನದ ಒಂದು ಮೂಲೆ ಕುಸಿದು ಹತ್ತಾರು ಮಂದಿಯನ್ನು ಬಟ್ಟೆಯೊಳಗೆ ಸುತ್ತಿಕೊಂಡಿತು, ಬಟ್ಟೆಯ ಮೇಲಿಂದಲೇ ಮಂದಿ ಮಂದಿಯನ್ನು ತುಳಿದರು. ಗುರುಬಸವ ಜಾಹೀದನ ಅಂಗಿಯ ಕೊರಳು ಹಿಡಿದು ಬೈಕಿನತನಕ ಎಳೆದುಕೊಂಡು ಬಂದ.

"ಹತ್ತು. ಸೀದಾ ಮಸ್ಕಿಗೆ."

"ಮಿಲ್ಲಿಗೆ ನಡಿ."

"ಹುಚ್ಚು ಹಿಡದೈತೇನಲೇ ನಿನಗ?"

"ಗುರ್ಯಾ, ಮಿಲ್ಲಿಗೆ ನಡಿ. ಇಲ್ಲಂದ್ರ ಬೈಕ್ ಬಿಟ್ಟು ಇಳಿ, ನಾ ಹೋಗ್ತೀನಿ."

ಗುರುಬಸವ ಅವನ ರಕ್ತದ ಬಾಯಿ ನೋಡಿದ. ಬೈಕು ಮಿಲ್ಲಿನ ಕಡೆ ತಿರುಗಿತು. ಕಪ್ಪು ಎತ್ತಿಕೊಂಡು ಓಡಿಬರುವುದಷ್ಟೇ ಎಂದು ಅವನು ತಿಳಿದಿದ್ದ.

ಭಾನುವಾರ, ಮಿಲ್ಲು ಬಂದಾಗಿತ್ತು. ಗೇಟಿನಲ್ಲಿ ಕಾವಲಿಗೆ ದಾವಲ್‌ಸಾಬ್ ಒಬ್ಬನೇ ಬೀಡಿ ಸೇದುತ್ತಾ ಕೂತಿದ್ದ. ಸಂತೆಕಲ್ಲೂರಿನ ಮುದುಕ, ಜಾಹೀದನ ಅಪ್ಪನ ಜೊತೆ ಹಮಾಲಿ ಮಾಡಿದವನು.

"ಏ ಜಾಹೀದಾ, ಬಾಯಿಗೇನಾತೋ? ಕುಂದ್ರು, ನೀರು ತರತೀನಿ."

"ಕಾಕಾ, ಗೇಟ್ ತಗಿ. ನಮ್ಮ ಸಾಮಾನ ಐತಿ ಒಳಗ."

"ಸಣ್ಣ ಸಾಹುಕಾರ್ರು ಬರಲಿ ತಡಿ. ನನ್ನ ಅನ್ನಕ್ಕ ಕಲ್ಲು ಹಾಕಬ್ಯಾಡ ಮಗನ."

ಮುದುಕ ಗೇಟಿಗೆ ಅಡ್ಡ ನಿಂತ. ಜಾಹೀದ ತಳ್ಳಿದ. ಅಷ್ಟು ಜೋರಾಗಿ ತಳ್ಳಬೇಕಾಗಿರಲಿಲ್ಲ, ಮುದುಕನ ಮೈಯಲ್ಲಿ ಏನೂ ಇರಲಿಲ್ಲ. ತಲೆ ಕಬ್ಬಿಣದ ಪಟ್ಟಿಗೆ ಬಡಿದ ಸದ್ದು ಬಂತು, "ಯಾ ಅಲ್ಲಾ" ಅನ್ನುವ ಸಣ್ಣ ದನಿ ಬಂತು. ಜಾಹೀದ ಹಿಂದೆ ನೋಡಲಿಲ್ಲ. ನೋಡಿದ್ದರೆ ನಿಲ್ಲಬೇಕಾಗುತ್ತಿತ್ತು.

ಆಫೀಸಿನ ಬಾಗಿಲು ಒಂದೇ ಒದೆತಕ್ಕೆ ಬಿಟ್ಟಿತು. ಒಳಗೆ ಗಾಜಿನ ಶೋಕೇಸು. ಅದರಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಅವರ ಕಪ್ಪು. ಹೋದ ವರ್ಷ ತೀರಿಕೊಂಡ ದೊಡ್ಡಬಸಪ್ಪ ಸಾಹುಕಾರರ ಹಾರ ಹಾಕಿದ ಫೋಟೋ ಪಕ್ಕದಲ್ಲೇ ಇತ್ತು. ಜಾಹೀದ ಕುರ್ಚಿ ಎತ್ತಿ ಗಾಜಿಗೆ ಹೊಡೆದ. ಗಾಜು ಉದುರುವ ಮುಂಚೆಯೇ ಕೈ ಹಾಕಿದ, ಮುಂಗೈ ಮೊಣಕೈತನಕ ಸೀಳಿತು. ನೋವು ಗೊತ್ತಾಗಲಿಲ್ಲ. ಭಾರ ಗೊತ್ತಾಯಿತು. ಆ ಹಳೆಯ ಭಾರ ತೋಳಿಗೆ ಇಳಿದಾಗ ಅವನಿಗೆ ಅಳು ಬಂತು. ಚೆಂಡನ್ನು ತಿರುಗಿಸಿ ಹಿಂದಿನ ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ.

ಆಮೇಲೆ ಬುಡ ನೋಡಿದ. ಎರಡು ವರ್ಷ ತಾನೇ ವೆಲ್ಡಿಂಗ್ ಕಡ್ಡಿಯಿಂದ ಬರೆದಿದ್ದ 'ಮಸ್ಕಿ', 'ಮಸ್ಕಿ' ಎಂಬ ಅಕ್ಷರಗಳು ಕಾಣಲಿಲ್ಲ. ಅವುಗಳ ಮೇಲೆ ಹೊಳೆಯುವ ಸ್ಟೀಲ್ ಪಟ್ಟಿ, ನಾಲ್ಕು ಸ್ಕ್ರೂ. 'ಶ್ರೀ ದೊಡ್ಡಬಸಪ್ಪ ಸಾಹುಕಾರರ ಸ್ಮರಣಾರ್ಥ'.

"ಅದನ್ನ ಕೆಳಗಿಡು."

ಬಾಗಿಲಲ್ಲಿ ಸಿದ್ದಲಿಂಗೇಶ. ಓಡಿ ಬಂದಿದ್ದ, ಬಿಳಿ ಅಂಗಿ ಕೆಸರಾಗಿತ್ತು. ಒಬ್ಬನೇ ಇದ್ದ. ಹಿಂದಿನವರು ಇನ್ನೂ ದಾರಿಯಲ್ಲಿದ್ದರು.

"ನಮ್ಮ ಊರ ಹೆಸರ ಮ್ಯಾಲ ನಿಮ್ಮಪ್ಪನ್ನ ಕುಂದರಿಸೀ ಏನಲೇ?"

"ನಮ್ಮಪ್ಪ ಇಲ್ಲಂದ್ರ ನಿಮಗ ಆಡಾಕ ಮೈದಾನ ಎಲ್ಲಿತ್ತು? ಬಾಲ್ ಎಲ್ಲಿದ್ವು? ನಿಮ್ಮಣ್ಣನ ದವಾಖಾನಿಗೆ ಗಾಡಿ ಕೊಟ್ಟಾವ ಯಾರು, ಕೇಳಿದಿ ಎಂದಾದ್ರೂ?" ಸಿದ್ದಲಿಂಗೇಶ ಹತ್ತಿರ ಬಂದ. "ನಮ್ಮಪ್ಪನ ಹೆಸರೈತಿ ಅದರ ಮ್ಯಾಲ. ನಿನ್ನ ಹೊಲಸು ಕೈ ತಗಿ."

ಅಂದವನು ಕಪ್ಪಿನ ಬುಡ ಹಿಡಿದು ಎಳೆದ. ಜಾಹೀದ ಕಂಬಗಳನ್ನು ಹಿಡಿದು ಎಳೆದ. ಇಬ್ಬರೂ ಮೇಜಿಗೆ ಡಿಕ್ಕಿ ಹೊಡೆದರು. ಜಾಹೀದ ಮೊಣಕಾಲಿನಿಂದ ಹೊಟ್ಟೆಗೆ ಒಂದು ಕೊಟ್ಟ. ಸಿದ್ದಲಿಂಗೇಶ ಬಗ್ಗಿ, ಬೀಳದಿರಲೆಂದು ಬಲಗೈಯನ್ನು ಮೇಜಿನ ಕಲ್ಲಿನ ಮೇಲೆ ಊರಿದ. ಐದೂ ಬೆರಳು ಅಗಲವಾಗಿ ಬಿಚ್ಚಿಕೊಂಡು ಅಲ್ಲಿ ನಿಂತವು, ಒಂದರಲ್ಲಿ ಬಂಗಾರದ ಉಂಗುರ.

ಜಾಹೀದ ಕಪ್ಪನ್ನು ಎತ್ತಿ ಬುಡ ಕೆಳಗಾಗಿ ಇಳಿಸಿದ.

ಆ ಸದ್ದು ಬೇರೆಯೇ ಇತ್ತು. ಸಿದ್ದಲಿಂಗೇಶ ಮೊದಲು ಕೂಗಲಿಲ್ಲ, ತನ್ನ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ. ಬಾಗಿಲಿಗೆ ಬಂದ ಗುರುಬಸವ, "ಸಾಕಲೇ! ಸಾಕು! ಬಿಡು!" ಎಂದು ಚೀರಿದ. ಮೊದಲ ಏಟು ಸಿಟ್ಟಿನದಾಗಿತ್ತು, ಎಲ್ಲಿ ಬಿತ್ತೋ ಅಲ್ಲಿ ಬಿದ್ದಿತ್ತು. ಎರಡನೇ ಏಟಿಗೆ ಜಾಹೀದ ನೋಡಿ ಗುರಿ ಇಟ್ಟ. ತೋರುಬೆರಳು, ನಡುಬೆರಳು. ಬುಡದ ಅಂಚು ಸರಿಯಾಗಿ ಅಲ್ಲೇ ಬಿತ್ತು. ಆಗ ಸಿದ್ದಲಿಂಗೇಶ ಕೂಗಿದ, ಖಾಲಿ ಮಿಲ್ಲಿನ ತಗಡುಗಳೆಲ್ಲ ಅದನ್ನು ಹಿಡಿದು ಮತ್ತೆ ಕೂಗಿದವು.

ಹಿಂದಿನವರು ಮಿಲ್ಲು ತಲುಪುವ ಮುಂಚೆಯೇ ಗುರುಬಸವ ಬೈಕನ್ನು ಮಸ್ಕಿಯ ದಾರಿಗೆ ಹತ್ತಿಸಿದ್ದ. ಕಪ್ಪು ಇಬ್ಬರ ನಡುವೆ ಇತ್ತು, ಅದರ ಚೆಂಡು ಗುರುಬಸವನ ಬೆನ್ನಿಗೆ ಒತ್ತುತ್ತಿತ್ತು. ಬಿಸಿಲು ಇಳಿದಿತ್ತು. ಭತ್ತದ ಗದ್ದೆಗಳಲ್ಲಿ ಕೊಕ್ಕರೆಗಳು ಕೂತಿದ್ದವು. ಜಾಹೀದನಿಗೆ ಹಾಡಬೇಕೆನ್ನಿಸಿತು, ಒಡೆದ ತುಟಿ ಬಿಡಲಿಲ್ಲ.

ಅಂಗಡಿಯ ಮುಂದೆ ಗುರುಬಸವ ಬೈಕು ನಿಲ್ಲಿಸಿದ, ಬಂದ್ ಮಾಡಲಿಲ್ಲ.

"ಇಳಿ."

"ನೀನೂ ಬಾ ಒಳಗ. ಭಾಯಿ ಮುಂದ ಇಬ್ರೂ ಕೂಡಿ ಇಡೂಣು."

"ಎರಡನೇ ಏಟು ಯಾಕ ಹಾಕಿದಿ?"

"ಭಾಯಿದು ಎರಡು ಹೋಗಿದ್ವು."

"ಅವನ್ನ ಸಿದ್ದ ಕಡದಿದ್ನೇನಲೇ?" ಗುರುಬಸವನ ಕಣ್ಣಲ್ಲಿ ನೀರಿತ್ತು. "ನಾವು ಗೆದ್ದಿದ್ವಿ ಜಾಹೀದ. ಇಡೀ ಊರು ನಮ್ಮ ಹಿಂದ ನಿಲ್ತಿತ್ತು. ನಾಳಿಂದ ಯಾರು ನಿಲ್ತಾರ? ಕಪ್ಪಿನ ಜಗಳ ಅಂತ ಯಾರೂ ಅನ್ನೂದಿಲ್ಲ ಇನ್ನ. ನಿನ್ನ ಹೆಸರೇನು, ಅವನ ಹೆಸರೇನು, ಅದನ್ನ ನೋಡ್ತಾರ."

ಬೈಕು ಹೋಯಿತು. ಕಪ್ಪು ಎದೆಗೊತ್ತಿಕೊಂಡು ಜಾಹೀದ ಅಣ್ಣನ ಮಳಿಗೆಗೆ ನುಗ್ಗಿದ.

ಪ್ಲಾಸ್ಟಿಕ್ ಸಾಮಾನಿನ ಮಳಿಗೆ ಅದು, ಗೋಡೆಯ ತುಂಬ ಮೊಬೈಲ್ ಕವರು. ಮೂಲೆಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು, ಗೋಡೆಗೇ ಬಿಗಿದದ್ದು. ಮೊದಲ ವರ್ಷ ಗೆದ್ದ ಮರುದಿನ, ಕಪ್ಪಿನ ಬುಡದ ಅಳತೆಗೆ ಸರಿಯಾಗಿ, ಜಾಹೀದನೇ ಕೂಡಿಸಿದ್ದ. ರಫೀಕ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಅದಕ್ಕೂ ಕವರು ನೇತುಹಾಕಿದ್ದ. ಜಾಹೀದ ಆ ಕವರುಗಳನ್ನೆಲ್ಲ ಒಂದೇ ಕೈಯಲ್ಲಿ ಬಳಿದು ನೆಲಕ್ಕೆ ಚೆಲ್ಲಿ ಕಪ್ಪನ್ನು ಇಟ್ಟ.

"ನೋಡು ಭಾಯಿ. ಬಂತು."

ರಫೀಕ ಸ್ಟೂಲಿನಿಂದ ಏಳಲಿಲ್ಲ. ಅವನ ಎದುರಿಗೆ ಫೋನು ಬಿದ್ದುಕೊಂಡು ನಡುಗುತ್ತಲೇ ಇತ್ತು, ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ಸುದ್ದಿ ಬೈಕಿಗಿಂತ ಮುಂಚೆ ಬಂದಿತ್ತು. ಕಪ್ಪಿನ ಬುಡದ ಅಂಚಿನಲ್ಲಿ ಹೆಪ್ಪುಗಟ್ಟಿದ್ದನ್ನು ಅವನು ನೋಡಿದ.

"ಯಾವ ಕೈ?"

"ಬಲಗೈ."

"ಎಷ್ಟು?"

"ನಿನ್ನಷ್ಟಾ."

ರಫೀಕ ಎದ್ದು ಬಂದು ತಮ್ಮನ ಕೆನ್ನೆಗೆ ಹೊಡೆದ. ಮೂರು ಬೆರಳಿನ ಏಟು ಹೇಗೋ ಓರೆಯಾಗಿ ಬಿತ್ತು, ಉಗುರು ಕಿವಿಯನ್ನು ಗೀರಿತು.

"ನನ್ನ ಬೆರಳು ಒಯ್ದಿದ್ದು ಡಿಸ್ಕು. ಮರೆ ಬಿಚ್ಚಿದಾವ ನಾನು. ಸಿದ್ದ ಎಲ್ಲಿ ಬಂದ ಅದರಾಗ?"

"ಅಂವ ಕಪ್ ಮಾಡು ಅನ್ನದಿದ್ರ..."

"ಅನ್ನದಿದ್ರ ನಾ ಅವನ ಕಾಲು ಹಿಡದು ಅನ್ನಸ್ತಿದ್ದೆ! ನನಗ ಅದನ್ನ ಮಾಡಬೇಕಾಗಿತ್ತಲೇ. ಬೆರಳು ಹೋದ್ರೂ ಮಾಡೀನಲ್ಲ ಅಂತ ಸಮಾಧಾನ ಇತ್ತು. ಮೂರು ಊರಿನ ಹುಡುಗರು ಅದಕ್ಕ ಓಡತಾರ, ಬೀಳತಾರ, ಅಂತ ಇಲ್ಲಿ ಕುಂತು ಖುಷಿ ಪಡತಿದ್ದೆ. ನೀ ಅದನ್ನ ಸುತ್ತಿಗಿ ಮಾಡಿದಿ." ರಫೀಕ ಫೋನಿನ ಕಡೆ ಕೈ ತೋರಿಸಿದ. "ದಾವಲ್ ಕಾಕಾನ ತಲಿಗೆ ಹೊಲಿಗಿ ಹಾಕಾಕತ್ಯಾರಂತ. ಅವನೇನು ಮಾಡಿದ್ನೋ ನಿನಗ?"

ರಫೀಕ ಶಟರಿನ ಬೀಗವನ್ನು ಜೇಬಿಗೆ ಹಾಕಿಕೊಂಡ.

"ನಡಿ. ಸ್ಟೇಶನ್ನಿಗೆ ಹೋಗೂಣು. ನಾನೂ ಬರತೀನಿ. ಅವರು ಬರೂದಕ್ಕಿಂತ ಮುಂಚೆ ಹೋಗಬೇಕು, ಇದನ್ನೂ ಒಯ್ಯಬೇಕು."

ರಫೀಕ ಕಪ್ಪಿಗೆ ಕೈ ಹಾಕಿ ಸ್ಟ್ಯಾಂಡಿನಿಂದ ಎತ್ತಿದ.

"ಕಪ್ ಇಲ್ಲಿಂದ ಹೊರಗ ಹೋಗೂದಿಲ್ಲ ಭಾಯಿ."

"ಬದಿಗೆ ಸರಿ."

ಜಾಹೀದ ಕಂಬ ಹಿಡಿದು ಎಳೆದ. ಒಂದೇ ಸಲಕ್ಕೆ ಬಂದುಬಿಟ್ಟಿತು. ರಫೀಕನ ಕೈಯಲ್ಲಿ ಹಿಡಿತವೇ ಇರಲಿಲ್ಲ. ಬಾಳೆಲೆಯ ಮೇಲಿಂದ ಜಾರಿದ ಹಾಗೆ ಕಪ್ಪು ಜಾರಿ ತಮ್ಮನ ಕೈಗೆ ಬಂತು. ಚಿಕ್ಕಂದಿನಿಂದ ರಫೀಕನ ಕೈಯಿಂದ ಒಂದು ಗೋಲಿಯನ್ನೂ ಕಿತ್ತುಕೊಳ್ಳಲು ಅವನಿಗೆ ಆಗಿರಲಿಲ್ಲ. ಎಳೆದ ರಭಸಕ್ಕೆ ರಫೀಕ ಮುಗ್ಗರಿಸಿ ಕೌಂಟರಿನ ಮೂಲೆಗೆ ಹಣೆ ಬಡಿಸಿಕೊಂಡು ಕುಸಿದ. ಜಾಹೀದ ಕಪ್ಪು ಹಿಡಿದುಕೊಂಡು ನಿಂತ. ಮೂರು ವರ್ಷ ಬೇಡಿದ್ದು ಕೈಯಲ್ಲಿತ್ತು, ಕೊಡಬೇಕಾದವನು ಕವರುಗಳ ನಡುವೆ ನೆಲದ ಮೇಲೆ ಕೂತು ಹಣೆಯ ರಕ್ತ ಒರೆಸಿಕೊಳ್ಳುತ್ತಿದ್ದ.

ಸಿಂಧನೂರಿನ ಕಡೆಯಿಂದ ಬೈಕುಗಳ ಸದ್ದು ಬಂತು. ಒಂದೆರಡಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಮಂದಿ ಓಡುವುದು, ಅಂಗಡಿಗಳು ಬಾಗಿಲು ಎಳೆಯುವುದು ಕೇಳಿಸಿತು.

ರಫೀಕ ಎದ್ದ. ರಸ್ತೆ ನೋಡಿದ, ತಮ್ಮನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಬೌಲಿಂಗಿಗೆ ಓಡುವ ಮುಂಚೆ ಇರುತ್ತಿದ್ದ ಮುಖ ಅದು. ಅವನು ಹೊರಗೆ ಹೆಜ್ಜೆ ಇಟ್ಟು ಶಟರನ್ನು ಧಡಾರನೆ ಕೆಳಗೆ ಎಳೆದ. ಬೀಗದ ಸದ್ದು ಬಂತು.

"ಭಾಯಿ! ಏ ಭಾಯಿ!"

"ಸುಮ್ಕ ಕುಂದ್ರು. ಪೊಲೀಸರು ಬರೂತನಕ ಉಸಿರು ಬಿಡಬ್ಯಾಡ."

ಒಳಗೆ ಕತ್ತಲೆ. ಶಟರಿನ ಕೆಳಗೆ ಬೆಳಕಿನ ಒಂದು ಗೆರೆ, ಗೆರೆಯಲ್ಲಿ ಅಣ್ಣನ ಚಪ್ಪಲಿ. ಬೈಕುಗಳು ಬಂದು ನಿಂತವು. ಚಪ್ಪಲಿಯ ಸುತ್ತ ಬೂಟುಗಳು ಬಂದವು.

"ಎಲ್ಲಿ ಅದಾನ ಅವ?"

"ಇಲ್ಲಿಲ್ಲ. ನಾ ಅದೀನಿ, ಅವನ ಅಣ್ಣ."

"ಕಪ್?"

"ಮಾಡಿದಾವ ನಾನು. ಏನ ಕೇಳೂದಿದ್ರೂ ನನ್ನ ಕೇಳ್ರಿ."

"ಹಂಗಾದ್ರ ನಿನ್ನ ಕೈ ಇಡಲೇ ಇಲ್ಲಿ, ಕಟ್ಟಿ ಮ್ಯಾಲ."

"ಯಾವುದು ಇಡಲಿ? ಇದರಾಗ ಮೂರಾ ಉಳದಾವ."

ಒಬ್ಬ ನಕ್ಕ. ಆಮೇಲೆ ಮೊದಲ ಏಟು ಬಿತ್ತು. ಅದು ಮರದ್ದು, ಬ್ಯಾಟಿನದು. ಜಾಹೀದನಿಗೆ ಬ್ಯಾಟಿನ ಸದ್ದು ಗೊತ್ತಿತ್ತು. ಚಪ್ಪಲಿ ಗೆರೆಯಿಂದ ಮಾಯವಾಯಿತು, ಅದರ ಜಾಗಕ್ಕೆ 'ಹಕ್' ಎಂದು ಒಂದು ಮೈ ಬಿತ್ತು.

ಜಾಹೀದ ಶಟರಿಗೆ ಹೆಗಲು ಕೊಟ್ಟ. ಬಗ್ಗಲಿಲ್ಲ. ಸುತ್ತಲೂ ಕೈ ಆಡಿಸಿದ. ಪ್ಲಾಸ್ಟಿಕ್, ಪ್ಲಾಸ್ಟಿಕ್, ಪ್ಲಾಸ್ಟಿಕ್. ಇಡೀ ಮಳಿಗೆಯಲ್ಲಿ ಕೈಗೆ ಎತ್ತುವಂಥ ಭಾರದ್ದು ಒಂದೇ ಇತ್ತು.

ಕಪ್ಪನ್ನು ತಲೆಯ ಮೇಲಿಂದ ಬೀಸಿ ಶಟರಿಗೆ ಹೊಡೆದ. ಮತ್ತೆ ಹೊಡೆದ. ಸಿಂಧನೂರಿನ ಕಂಬ ಬಾಗಿತು. ಮಸ್ಕಿಯ ಕಂಬದ ಬೆಸುಗೆ ಬಿಟ್ಟಿತು. ಹೊರಗೆ ಒಂದು ಏಟು ಬೀಳುವುದು, ಒಳಗೆ ಒಂದು ಏಟು ಬೀಳುವುದು, ಎರಡೂ ಜಿದ್ದಿಗೆ ಬಿದ್ದ ಹಾಗೆ. ಹಿತ್ತಾಳೆಯ ಚೆಂಡು ಬಾಯಿ ಬಿಟ್ಟು ಎರಡು ಬಟ್ಟಲಾಗಿ ಕತ್ತಲಿಗೆ ಹಾರಿತು. ಅವನು ಬುಡವನ್ನೇ ಎರಡೂ ಅಂಗೈಯಲ್ಲಿ ಹಿಡಿದು ಗುದ್ದಿದ. ಸ್ಟೀಲ್ ಪಟ್ಟಿ ಕಿತ್ತು ಹೋಯಿತು, ಅವನ ಅಂಗೈಯ ಚರ್ಮವೂ ಅದರ ಜೊತೆ ಹೋಯಿತು. ಶಟರಿನ ಒಂದು ಪಟ್ಟಿ ಸಂದಿನಿಂದ ಕಳಚಿ ಹೊರಕ್ಕೆ ಬಾಗಿತು. ಇನ್ನೊಂದು ಗುದ್ದು. ಬೆಳಕು ಬಂತು, ಒಂದು ತೋಳು ಹಾಯುವಷ್ಟು.

ಅವನು ಬಲಗೈಯನ್ನು ಆ ಕಿಂಡಿಯಿಂದ ಭುಜದತನಕ ಹೊರಗೆ ತೂರಿಸಿದ. ಹರಿದ ತಗಡು ತೋಳಿನ ಉದ್ದಕ್ಕೂ ಗೀರಿತು. ಐದೂ ಬೆರಳನ್ನು ಅಗಲವಾಗಿ ಬಿಚ್ಚಿದ.

"ನಾ ಇಲ್ಲಿ ಅದೀನಿ!" ಅವನು ಗಂಟಲು ಹರಿಯುವ ಹಾಗೆ ಕೂಗಿದ. "ಹೊಡದಾವ ನಾನು! ಚೆಂಡು ಹಾಕೂದು ಇದಾ ಕೈ. ಅವನ್ನ ಬಿಡ್ರಿ, ಇದನ್ನ ತಗೋರಿ!"

ಹೊರಗೆ ಏಟುಗಳು ನಿಂತವು. ನೆಲದ ಮೇಲಿಂದ ರಫೀಕ ಏನೋ ಅಂದ, ಬಾಯಿ ತುಂಬ ರಕ್ತವಿತ್ತು, ಮಾತು ಮೂಡಲಿಲ್ಲ. ಒಂದು ಜೊತೆ ಬೂಟು ಶಟರಿನ ಕಡೆ ತಿರುಗಿ, ಅವಸರವಿಲ್ಲದೆ ನಡೆದು ಬಂತು. ಯಾರೋ ಜಾಹೀದನ ಮಣಿಕಟ್ಟನ್ನು ಹಿಡಿದು ಎಳೆದು ಬಿಗಿ ಮಾಡಿದರು. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.